ಕಾಫಿ ಕಣದಿಂದ ಗ್ರೀನಿಗೆ: ಎಡವುವ ಹೊಸ ಗಾಲ್ಫ್ ಆಟಗಾರನ ಅಭ್ಯಾಸಕ್ರಮ

ಹೆತ್ತೂರಿನಲ್ಲಿ ಗಾಲ್ಫ್ ಮೈದಾನವಿಲ್ಲ. ಸಕಲೇಶಪುರ ತಾಲ್ಲೂಕಿನ ಈ ಹೋಬಳಿಯಲ್ಲಿ ಇರುವುದು ಕಾಫಿ, ಏಲಕ್ಕಿ, ಮೆಣಸಿನ ತೋಟಗಳು, ತಗ್ಗಿನಲ್ಲಿ ಗದ್ದೆ, ಬಿಸಿಲೆಯ ಕಡೆಗೆ ಹಬ್ಬಿದ ಕಾಡು, ಮತ್ತು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆ. ಈ ಸೀಮೆಯವರಿಗೆ ಗಾಲ್ಫ್ ಕಲಿಯುವ ಆಸೆ ಹುಟ್ಟಿದರೆ ಚಿಕ್ಕಮಗಳೂರಿಗೋ ಮಡಿಕೇರಿಗೋ ಬೆಂಗಳೂರಿಗೋ ಹೋಗಬೇಕು. ತೋಟದ ಕೆಲಸದ ನಡುವೆ ತಿಂಗಳಿಗೆ ಎರಡು ಸಲ ಹೋದರೆ ಅದೇ ಹೆಚ್ಚು. ಅಷ್ಟು ದೂರ ಹೋದವರು ಸಾಮಾನ್ಯವಾಗಿ ಮಾಡುವ ಕೆಲಸ ಒಂದೇ: ಡ್ರೈವಿಂಗ್ ರೇಂಜಿನಲ್ಲಿ ಬುಟ್ಟಿ ತುಂಬ ಚೆಂಡು ತೆಗೆದುಕೊಂಡು, ಇದ್ದವುಗಳಲ್ಲೇ ಉದ್ದನೆಯ ಕ್ಲಬ್ಬು ಹಿಡಿದು, ಬುಟ್ಟಿ ಬರಿದಾಗುವವರೆಗೆ ಬೀಸುವುದು. ಕೊನೆಯ ಹತ್ತು ಚೆಂಡು ಚೆನ್ನಾಗಿ ಹೋದರೆ ಕಲಿತೆವೆಂಬ ಸಮಾಧಾನದಿಂದ ಮನೆಗೆ ಬರುತ್ತಾರೆ. ಮುಂದಿನ ಸಲ ಹೋದಾಗ ಮೊದಲ ಚೆಂಡೇ ನೆಲ ಹಿಡಿದು ಉರುಳುತ್ತದೆ.

ಈ ಸೋಲಿಗೆ ಆಟಗಾರನ ವಯಸ್ಸು, ಮೈಕಟ್ಟು, ಹುಟ್ಟುಗುಣಗಳನ್ನು ದೂರುವುದು ವಾಡಿಕೆ. ಕಳೆದ ಐದು ದಶಕಗಳಲ್ಲಿ ನಡೆದ ಚಲನಾಕಲಿಕೆಯ ಸಂಶೋಧನೆ ಬೇರೆ ಕಡೆಗೆ ಬೆರಳು ತೋರಿಸುತ್ತದೆ. ದೋಷ ಹೆಚ್ಚಾಗಿ ಇರುವುದು ಅಭ್ಯಾಸ ಮಾಡುವ ರೀತಿಯಲ್ಲಿ. ಆ ರೀತಿಯನ್ನು ಬದಲಿಸಲು ಬೇಕಾದ ಅನುಕೂಲಗಳಲ್ಲಿ ಬಹುಪಾಲು ಹೆತ್ತೂರಿನಂಥ ಊರಿನಲ್ಲೇ ಸಿಗುತ್ತವೆ ಎಂಬುದು ಈ ಲೇಖನದ ವಾದ.

ಆಟ ನಮ್ಮ ನಾಡಿಗೆ ಹೊಸದೇನಲ್ಲ. ಕಲ್ಕತ್ತೆಯ ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್ 1829ರದು. ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿ ಆರಂಭವಾಯಿತು. ಅದೇ ಶತಮಾನದಲ್ಲಿ ಯುರೋಪಿನ ಕಾಫಿ ಬೆಳೆಗಾರರು ಮಂಜರಾಬಾದಿನಲ್ಲಿ, ಅಂದರೆ ಇಂದಿನ ಸಕಲೇಶಪುರ ಸೀಮೆಯಲ್ಲಿ, ನೆಲೆಯೂರಿದ್ದರು. ಅವರಲ್ಲೊಬ್ಬನಾದ ರಾಬರ್ಟ್ ಎಲಿಯಟ್ 1894ರಲ್ಲಿ ಮೈಸೂರು ಸೀಮೆಯ ಚಿನ್ನ, ‘ಸ್ಪೋರ್ಟ್’ ಮತ್ತು ಕಾಫಿ ಬೇಸಾಯದ ಬಗ್ಗೆ ಪುಸ್ತಕ ಪ್ರಕಟಿಸಿದ. ಅವನ ‘ಸ್ಪೋರ್ಟ್’ ಎಂದರೆ ಶಿಕಾರಿ. ಊರಿನ ಮಕ್ಕಳ ಆಟ ಚಿನ್ನಿದಾಂಡು ಮತ್ತು ಗೋಲಿ. ಈ ಎರಡು ಆಟಗಳನ್ನು ಗಾಲ್ಫ್ ಕಲಿಯುವವರು ಹಗುರವಾಗಿ ಕಾಣಬಾರದು. ಒಂದರಲ್ಲಿ ಕೋಲಿನಿಂದ ಸಣ್ಣ ವಸ್ತುವನ್ನು ಹೊಡೆದು ದೂರ ಕಳಿಸಬೇಕು. ಇನ್ನೊಂದರಲ್ಲಿ ನೆಲದ ಏರುತಗ್ಗು ನೋಡಿ ಗುಂಡಿಗೆ ಉರುಳಿಸಬೇಕು. ಯಾವ ಮಗುವೂ ಒಂದೇ ಜಾಗದಲ್ಲಿ ನಿಂತು ನೂರು ಸಲ ಒಂದೇ ಥರ ಚಿನ್ನಿ ಚಿಮ್ಮುವುದಿಲ್ಲ. ಪ್ರತಿ ಹೊಡೆತಕ್ಕೂ ಜಾಗ ಬೇರೆ, ಗುರಿ ಬೇರೆ, ತಪ್ಪಿದರೆ ಸರದಿ ಹೋಗುತ್ತದೆ.

ಪ್ರಯೋಗಶಾಲೆಯಲ್ಲಿ ಕಂಡದ್ದೂ ಇಂಥದ್ದನ್ನೇ. 1978ರಲ್ಲಿ ಕೆರ್ ಮತ್ತು ಬೂತ್ ಎಂಬ ಸಂಶೋಧಕರು ಎಂಟು ವರ್ಷದ ಮಕ್ಕಳ ಕೈಗೆ ಕಾಳು ತುಂಬಿದ ಚೀಲ ಕೊಟ್ಟು ಗುರಿಗೆ ಎಸೆಯಲು ಹೇಳಿದರು. ಕೆಲವರು ಮೂರು ಅಡಿಯಿಂದಷ್ಟೇ ಎಸೆದರು. ಉಳಿದವರು ಎರಡು ಮತ್ತು ನಾಲ್ಕು ಅಡಿಯಿಂದ ಎಸೆದರು, ಮೂರು ಅಡಿಯಿಂದ ಎಸೆಯಲೇ ಇಲ್ಲ. ಪರೀಕ್ಷೆ ನಡೆದದ್ದು ಮೂರು ಅಡಿಯಿಂದ. ಗೆದ್ದವರು ಎರಡನೆಯ ಗುಂಪಿನವರು. ಮರುವರ್ಷ, 1979ರಲ್ಲಿ, ಶಿಯಾ ಮತ್ತು ಮಾರ್ಗನ್ ತೋರಿಸಿದ ಫಲಿತಾಂಶ ಡ್ರೈವಿಂಗ್ ರೇಂಜಿನ ಒಗಟನ್ನೇ ಬಿಡಿಸುತ್ತದೆ. ಕೈಚಲನೆಯ ಮೂರು ಕ್ರಮಗಳನ್ನು ಒಂದಾದ ಮೇಲೊಂದರಂತೆ ಕಂತೆಕಂತೆಯಾಗಿ ಅಭ್ಯಾಸ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಮುಂದಿದ್ದರು. ಕಲಸಿಕೊಂಡು ಮಾಡಿದವರು ಹಿಂದಿದ್ದರು. ಹತ್ತು ದಿನ ಬಿಟ್ಟು ನೋಡಿದಾಗ ಲೆಕ್ಕ ತಿರುಗಿತ್ತು. ಬುಟ್ಟಿಯ ಕೊನೆಯ ಹತ್ತು ಚೆಂಡುಗಳ ಸೊಗಸು ಆ ಹೊತ್ತಿನದು. ನೆನಪಿನಲ್ಲಿ ಉಳಿಯುವ ಕಲಿಕೆಗೆ ಅದು ಸಾಕ್ಷಿಯಲ್ಲ. ಎಡವುತ್ತಿರುವ ಹೊಸಬರಿಗೆ ಯಾರಾದರೂ ಒಂದೇ ಒಂದು ಸಂಗತಿ ಹೇಳುವುದಾದರೆ ಇದನ್ನೇ ಹೇಳಬೇಕು.

ಹಾಗೆಂದು ಮೊದಲ ದಿನವೇ ಎಲ್ಲವನ್ನೂ ಕಲಸಬೇಕೇ? ಅದೂ ಅಲ್ಲ. ಮ್ಯಾಕ್ಸ್‌ವೆಲ್, ಮಾಸ್ಟರ್ಸ್ ಮತ್ತು ಸಂಗಡಿಗರು 2001ರಲ್ಲಿ ಗಾಲ್ಫ್ ಪಟ್ಟಿಂಗ್, ಅಂದರೆ ಚೆಂಡನ್ನು ಗುಂಡಿಗೆ ಉರುಳಿಸುವ ಹೊಡೆತ, ಗೊತ್ತಿಲ್ಲದವರ ಮೇಲೆ ಪ್ರಯೋಗ ಮಾಡಿದರು. ಒಂದು ಗುಂಪು ಗುಂಡಿಯ ತೀರ ಹತ್ತಿರದಿಂದ ಆರಂಭಿಸಿ ಸ್ವಲ್ಪಸ್ವಲ್ಪವೇ ಹಿಂದೆ ಸರಿಯಿತು; ಇನ್ನೊಂದು ದೂರದಿಂದ ಆರಂಭಿಸಿ ಹತ್ತಿರ ಬಂದಿತು. ಹತ್ತಿರದಿಂದ ಹೊರಟವರಿಗೆ ತಪ್ಪುಗಳೇ ಕಡಿಮೆಯಾದವು. ಮುಂದೆ ಪಟ್ ಮಾಡುತ್ತಲೇ ಬೇರೊಂದು ಕೆಲಸವನ್ನೂ ಮಾಡಿ ಎಂದಾಗಲೂ ಅವರ ಹೊಡೆತ ಕೆಡಲಿಲ್ಲ. ಪದೇ ಪದೇ ತಪ್ಪಿದವನು ಪ್ರತಿ ತಪ್ಪಿಗೂ ಮನಸ್ಸಿನಲ್ಲೇ ಒಂದು ನಿಯಮ ಕಟ್ಟಿಕೊಳ್ಳುತ್ತಾನೆ: ಮೊಣಕೈ ಬಾಗಿತು, ತಲೆ ಎದ್ದಿತು, ಮಣಿಕಟ್ಟು ತಿರುಗಿತು. ಒತ್ತಡದ ಗಳಿಗೆಯಲ್ಲಿ ಈ ನಿಯಮಗಳೆಲ್ಲ ಒಟ್ಟಿಗೆ ಎದ್ದು ಬಂದು ಕೈ ಕಟ್ಟಿಹಾಕುತ್ತವೆ. ತಪ್ಪೇ ಆಗದಷ್ಟು ಹತ್ತಿರದಿಂದ ಕಲಿತವನ ತಲೆಯಲ್ಲಿ ಅಂಥ ನಿಯಮಗಳ ಗುಂಪು ಕಡಿಮೆ.

ಹತ್ತಿರದಿಂದ ಆರಂಭಿಸುವುದಕ್ಕೆ ರೇಖಾಗಣಿತದ ಬೆಂಬಲವೂ ಇದೆ. ಗಾಲ್ಫ್ ಗುಂಡಿಯ ವ್ಯಾಸ 108 ಮಿಲಿಮೀಟರ್. ಮೆಲ್ಲಗೆ ಬರುವ ಚೆಂಡಿನ ನಡುಬಿಂದು ಗುಂಡಿಯ ಅಂಚಿನೊಳಗೆ ಬಂದರೆ ಸಾಕು ಎಂದುಕೊಂಡರೆ, ಒಂದು ಮೀಟರ್ ದೂರದಲ್ಲಿ ಆಚೀಚೆ ಸುಮಾರು ಮೂರು ಡಿಗ್ರಿ ತಪ್ಪಲು ಅವಕಾಶವಿದೆ. ಮೂರು ಮೀಟರ್‌ನಲ್ಲಿ ಒಂದೇ ಡಿಗ್ರಿ. ಇನ್ನು 200 ಮೀಟರ್ ದೂರಕ್ಕೆ ಹೊಡೆದ ಚೆಂಡು ಐದು ಡಿಗ್ರಿ ಓರೆಯಾಗಿ ಹೊರಟರೆ ಗುರಿಯಿಂದ 17 ಮೀಟರ್‌ಗೂ ಹೆಚ್ಚು ಆಚೆ ಬೀಳುತ್ತದೆ, ಅಂದರೆ ಪೊದೆಯೊಳಗೆ. ಕ್ಲಬ್ಬಿನ ಮುಖವನ್ನು ಗುರಿಗೆ ನೇರವಾಗಿ ತರುವ ಒಂದೇ ವಿದ್ಯೆ ಚೆಂಡು ಉರುಳಿಸುವ ಪಟರಿನಿಂದ ಅತಿ ದೂರ ಹೊಡೆಯುವ ಡ್ರೈವರಿನವರೆಗೆ ಹಬ್ಬಿದೆ. ಚಿಕ್ಕ ಬೀಸಿನಲ್ಲಿ ಅದನ್ನು ಕಾಣುವುದು ಸುಲಭ.

ಇಲ್ಲಿ ಕಾಫಿಯ ಕಣ ನೆನಪಾಗಬೇಕು. ಈ ಸೀಮೆಯ ತೋಟದ ಮನೆಗಳ ಮುಂದೆ ಹಣ್ಣು ಒಣಗಿಸಲು ಸಿಮೆಂಟಿನ ಕಣವಿರುತ್ತದೆ. ನೀರು ಹರಿದುಹೋಗಲೆಂದು ಅದಕ್ಕೆ ತುಸು ಇಳಿಜಾರನ್ನೂ ಕೊಟ್ಟಿರುತ್ತಾರೆ. ಮಳೆ ಹಿಂದೆ ಸರಿದು ಅರೇಬಿಕಾ ಕೊಯ್ಲು ಶುರುವಾಗುವವರೆಗೆ, ಮತ್ತೆ ರೊಬಸ್ಟಾ ಒಣಗಿ ಚೀಲ ಸೇರಿದ ಮೇಲೆ ಮುಂಗಾರಿನವರೆಗೆ, ಕಣ ಖಾಲಿ. ಬರೀ ಸಿಮೆಂಟಿನ ಮೇಲೆ ಚೆಂಡು ಹುಲ್ಲಿಗಿಂತ ಬಹಳ ವೇಗವಾಗಿ ಓಡುತ್ತದೆ. ಬಿಚ್ಚಿದ ಗೋಣಿಚೀಲಗಳನ್ನು ಸುಕ್ಕಿಲ್ಲದಂತೆ ಹಾಸಿ ಹೊಲಿದರೆ ಓಟ ತಗ್ಗುತ್ತದೆ. ಬಹಳ ಕಾಲ ಭಾರತದ ಅನೇಕ ಮೈದಾನಗಳಲ್ಲಿ ಗುಂಡಿಯ ಸುತ್ತ ಹುಲ್ಲಿನ ಗ್ರೀನುಗಳೇ ಇರಲಿಲ್ಲ. ಎಣ್ಣೆ ಬೆರೆಸಿದ ಮರಳನ್ನು ಸಮಮಾಡಿ ‘ಬ್ರೌನ್’ ಎಂದು ಕರೆದು ಆಡುತ್ತಿದ್ದರು. ಗೋಣಿಯ ಮೇಲೆ ಕಲಿಯುವುದರಲ್ಲಿ ಕೀಳರಿಮೆಗೆ ಕಾರಣವಿಲ್ಲ. ಮೊದಲ ವಾರ ಒಂದು ಗೇಣಿನಿಂದ ಒಂದು ಮಾರಿನವರೆಗೆ. ಅದು ತಪ್ಪದಂತಾದ ಮೇಲೆ ಪ್ರತಿ ಚೆಂಡಿಗೂ ದೂರ ಬದಲಿಸಬೇಕು, ಏರಿಗೊಮ್ಮೆ, ಇಳಿಜಾರಿಗೊಮ್ಮೆ, ಅಡ್ಡಕ್ಕೊಮ್ಮೆ.

ಕಣ್ಣಿನ ವಿಷಯವೂ ಇಲ್ಲೇ ಬರುತ್ತದೆ. ಕೆನಡಾದ ಜೋನ್ ವಿಕರ್ಸ್ 1992ರಲ್ಲಿ ಗಾಲ್ಫ್ ಆಟಗಾರರ ನೋಟವನ್ನು ಅಳೆದು, ನುರಿತವರು ಹೊಡೆಯುವ ಮುನ್ನ ಚೆಂಡಿನ ಮೇಲೆ ದೃಷ್ಟಿಯನ್ನು ಹೆಚ್ಚು ಹೊತ್ತು ನಿಲ್ಲಿಸುತ್ತಾರೆಂದು ತೋರಿಸಿದರು. ಹೊಸಬರ ಕಣ್ಣು ಚೆಂಡು, ಕ್ಲಬ್ಬು, ಗುಂಡಿಗಳ ನಡುವೆ ಅಲೆಯುತ್ತಿರುತ್ತದೆ.

ಗಮನ ಎಲ್ಲಿರಬೇಕು ಎಂಬ ಪ್ರಶ್ನೆಗೆ ಎರಡು ಪ್ರಯೋಗಗಳು ಮೇಲುನೋಟಕ್ಕೆ ವಿರುದ್ಧ ಉತ್ತರ ಕೊಡುತ್ತವೆ. ಸಿಯಾನ್ ಬೈಲಾಕ್ ಮತ್ತು ಸಂಗಡಿಗರ 2004ರ ಅಧ್ಯಯನದಲ್ಲಿ, ಹೊಡೆತದ ಮೇಲೆ ಗಮನವಿಟ್ಟು ನಿಧಾನವಾಗಿ ಪಟ್ ಮಾಡಿದಾಗ ಹೊಸಬರು ಚೆನ್ನಾಗಿ ಆಡಿದರು. ನುರಿತವರಿಗೆ ಅದೇ ಗಮನ ಅಡ್ಡಿಯಾಯಿತು. ಗೇಬ್ರಿಯೆಲೆ ವುಲ್ಫ್ ಮತ್ತು ಸಹಸಂಶೋಧಕರ 1999ರ ಅಧ್ಯಯನದಲ್ಲಿ ಹೊಸಬರಿಗೆ ಪಿಚ್ (ಎತ್ತರಕ್ಕೆ ಹಾರಿ ಬೀಳುವ ಗಿಡ್ಡ) ಹೊಡೆತ ಕಲಿಸಲಾಯಿತು. ತಮ್ಮ ತೋಳು ಹೇಗೆ ಬೀಸುತ್ತಿದೆ ಎಂದು ನೋಡಿದವರಿಗಿಂತ ಕ್ಲಬ್ಬು ಹೇಗೆ ತೂಗುತ್ತಿದೆ ಎಂದು ನೋಡಿದವರು ಮುಂದೆ ಹೋದರು. ಎರಡನ್ನೂ ಜೋಡಿಸಿ ಓದಿದರೆ ವಿರೋಧ ಕರಗುತ್ತದೆ. ಹೊಸಬನಿಗೆ ಗಮನ ಬೇಕು. ಆ ಗಮನ ಮೈಯ ಕೀಲುಗಳ ಮೇಲಲ್ಲ, ಕ್ಲಬ್ಬಿನ ಮೇಲಿರಬೇಕು. ಭತ್ತ ಕೊಯ್ಯುವವರ ನೋಟ ಕುಡುಗೋಲಿನ ಅಲಗಿನ ಮೇಲಿರುತ್ತದೆ, ಮಣಿಕಟ್ಟಿನ ಮೇಲಲ್ಲ. ಗಾಲ್ಫಿಗೆ ಬಂದೊಡನೆ ಈ ಸಹಜ ವಿವೇಕವನ್ನು ಕಳೆದುಕೊಳ್ಳುವುದು ಏಕೆ?

ಇಲ್ಲಿಯವರೆಗೆ ಹೇಳಿದ್ದನ್ನು ಓದಿ, ಗಾಲ್ಫ್ ಎಂದರೆ ಪಟ್ಟಿಂಗ್ ಎಂದು ತಿಳಿದರೆ ತಪ್ಪಾಗುತ್ತದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರೋಡಿ ಅಮೆರಿಕದ ವೃತ್ತಿಪರರ ಹೊಡೆತಗಳ ದೊಡ್ಡ ದಾಖಲೆಯನ್ನು ವಿಶ್ಲೇಷಿಸಿ 2014ರಲ್ಲಿ ಪುಸ್ತಕ ಬರೆದರು. ಅತ್ಯುತ್ತಮರು ಇತರರಿಗಿಂತ ಗಳಿಸುವ ಮೇಲುಗೈಯಲ್ಲಿ ಪಟ್ಟಿಂಗಿನ ಪಾಲು ಸುಮಾರು ಶೇಕಡಾ 15 ಮಾತ್ರ ಎಂಬುದು ಅವರ ಲೆಕ್ಕ. ಮೂರರಲ್ಲಿ ಎರಡು ಭಾಗದಷ್ಟು ವ್ಯತ್ಯಾಸ ಉದ್ದ ಹೊಡೆತಗಳಲ್ಲೇ ಇದೆ. ವೃತ್ತಿಪರರು ಕೂಡ ಎಂಟು ಅಡಿಯ ಪಟ್ಟುಗಳಲ್ಲಿ ಅರ್ಧವನ್ನಷ್ಟೇ ಗುಂಡಿಗೆ ಹಾಕುತ್ತಾರೆ. 90ರ ಆಸುಪಾಸು ಹೊಡೆತಗಳಲ್ಲಿ ಮುಗಿಸುವ ಹವ್ಯಾಸಿಗಳು ಐದು ಅಡಿಯಲ್ಲಿ ಅರ್ಧ ಹಾಕುತ್ತಾರೆ. ಹಾಗಾದರೆ ಕಲಿಕೆ ಗುಂಡಿಯ ಬಳಿ ಆರಂಭವಾಗಬೇಕು, ಅಲ್ಲೇ ನಿಲ್ಲಬಾರದು.

ಉದ್ದ ಹೊಡೆತದಲ್ಲಿ ಹೊಸಬರನ್ನು ಕಾಡುವ ರೋಗ ಸ್ಲೈಸ್. ಬಲಗೈ ಆಟಗಾರನ ಚೆಂಡು ಬಲಕ್ಕೆ ಬಾಗಿ ಓಡುತ್ತದೆ. ಚೆಂಡು ಯಾವ ದಿಕ್ಕಿಗೆ ಹೊರಡುತ್ತದೆ ಎಂಬುದನ್ನು ಬಹುಪಾಲು ನಿರ್ಧರಿಸುವುದು ತಾಗುವ ಕ್ಷಣದಲ್ಲಿ ಕ್ಲಬ್ಬಿನ ಮುಖ ನೋಡುವ ದಿಕ್ಕು. ಬಾಗುವುದು ಆ ಮುಖಕ್ಕೂ ಬೀಸಿನ ಹಾದಿಗೂ ನಡುವಿನ ಅಂತರದಿಂದ. ಬಲಕ್ಕೆ ಹೋಗುತ್ತಿದೆಯೆಂದು ಹೊಸಬ ಎಡಕ್ಕೆ ಗುರಿಯಿಡುತ್ತಾನೆ, ಇನ್ನಷ್ಟು ಎಡಕ್ಕೆ ಬೀಸುತ್ತಾನೆ. ಅಂತರ ಹೆಚ್ಚಾಗಿ ಚೆಂಡು ಇನ್ನೂ ಬಾಗುತ್ತದೆ. ಮದ್ದೇ ರೋಗವನ್ನು ಬೆಳೆಸುತ್ತದೆ. ಇದನ್ನು ಒಬ್ಬನೇ ಬಿಡಿಸಿಕೊಳ್ಳುವುದು ಕಷ್ಟ. ತರಬೇತುದಾರರ ಕಣ್ಣು ಬೇಕು. ಗ್ವಾಡಗ್ನೋಲಿ ಮತ್ತು ಸಂಗಡಿಗರ 2002ರ ಅಧ್ಯಯನದಲ್ಲಿ ವಿಡಿಯೊ ನೋಡುತ್ತ ಪಾಠ ಹೇಳಿಸಿಕೊಂಡವರಿಗೆ ಪಾಠ ಮುಗಿದ ಕೂಡಲೇ ಲಾಭ ಕಾಣಲಿಲ್ಲ. ಎರಡು ವಾರದ ಅಭ್ಯಾಸದ ನಂತರ ಅವರೇ ಮುಂದಿದ್ದರು. ಹದಿನೈದು ದಿನಕ್ಕೊಮ್ಮೆ ಪಟ್ಟಣಕ್ಕೆ ಹೋಗಿಬರುವ ಬೆಳೆಗಾರನಿಗೆ ಇದು ಧೈರ್ಯದ ಸುದ್ದಿ.

ಚಪ್ಪಟೆ ಲೋಹದ ತಲೆಯ ಐರನ್ ಕ್ಲಬ್ಬಿನ ಹೊಡೆತಕ್ಕೆ ಮನೆಯ ಹಿಂದಿನ ಹುಲ್ಲುನೆಲ ಸಾಕು. ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಚೆಂಡಿಲ್ಲದೆ ಬೀಸಿ, ಕ್ಲಬ್ಬು ನೆಲ ಮುಟ್ಟಿದ ಗುರುತು ಗೆರೆಯ ಮುಂದೆ ಬಿದ್ದಿತೋ ಹಿಂದೆ ಬಿದ್ದಿತೋ ನೋಡಬೇಕು. ಹಿಂದೆ ಬಿದ್ದರೆ ಮೈದಾನದಲ್ಲಿ ಮೊದಲು ಏಳುವುದು ಮಣ್ಣು, ಆಮೇಲೆ ಚೆಂಡು. ನಿಜವಾದ ಚೆಂಡನ್ನು ಆಳುಗಳು ಕೆಲಸ ಮಾಡುವ ಕಡೆಗೆ ಎಂದೂ ಹೊಡೆಯಬಾರದು. 46 ಗ್ರಾಂ ತೂಕದ ಆ ಗಟ್ಟಿ ಉಂಡೆ ತಲೆಗೆ ತಾಗಿದರೆ ಪ್ರಾಣಕ್ಕೇ ಅಪಾಯ.

ಮೈದಾನಕ್ಕೆ ಹೋದ ದಿನ ಲೆಕ್ಕ ಹೇಗಿರಬೇಕು? 2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ ಹೊಸಬರಿಗೆ 54ರವರೆಗೆ ರಿಯಾಯಿತಿ ಕೊಡುತ್ತದೆ, ಅಂದರೆ ಹೆಚ್ಚುಕಡಿಮೆ ಗುಂಡಿಗೆ ಮೂರು ಹೊಡೆತ. ಪಾರ್ (ಒಂದು ಗುಂಡಿಗೆ ನಿಗದಿಯಾದ ಹೊಡೆತಗಳ ಎಣಿಕೆ) ನಾಲ್ಕರ ಗುಂಡಿಯಲ್ಲಿ ಅಂಥವನ ಪಾರ್ ಏಳು. 340 ಮೀಟರ್ ದೂರದ ಗುಂಡಿಯನ್ನು 110 ಮೀಟರ್ ಹೋಗುವ ಮೂರು ಐರನ್ ಹೊಡೆತ, ಗ್ರೀನಿನ ಅಂಚಿನಿಂದ ಒಂದು ಚಿಪ್, ಎರಡು ಪಟ್ ಮಾಡಿ ಆಡಿದರೆ ಆರು. ಡ್ರೈವರನ್ನು ಚೀಲದಿಂದ ತೆಗೆಯದೆಯೇ ಒಂದು ಹೊಡೆತ ಉಳಿಯಿತು.

ಕರ್ನಾಟಕದ ಇಬ್ಬರು ಆಟಗಾರರ ದಾರಿ ಇಲ್ಲಿ ಬೆಳಕು ಚೆಲ್ಲುತ್ತದೆ. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅದಿತಿ ಅಶೋಕ್ ಐದರ ವಯಸ್ಸಿನಲ್ಲಿ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಮೈದಾನದಲ್ಲಿ ಕ್ಲಬ್ಬು ಹಿಡಿದವರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ತಾಯಿಯೇ ಅವರ ಕ್ಯಾಡಿ, ಅಂದರೆ ಕ್ಲಬ್ಬಿನ ಚೀಲ ಹೊರುವ ಜೊತೆಗಾರ್ತಿ. ಅಲ್ಲಿ 67, 66, 68, 68 ಹೊಡೆದು ಒಟ್ಟು 269ಕ್ಕೆ ಮುಗಿಸಿ, ಒಂದೇ ಹೊಡೆತದ ಅಂತರದಲ್ಲಿ ಪದಕ ತಪ್ಪಿ ನಾಲ್ಕನೆಯವರಾದರು. ಆ ಸ್ಪರ್ಧೆಯಲ್ಲಿ ತೀರ ಕಡಿಮೆ ದೂರ ಹೊಡೆಯುವವರಲ್ಲಿ ಅವರೂ ಒಬ್ಬರು. ಪಟರ್ ಅವರನ್ನು ಹೊತ್ತು ಸಾಗಿಸಿತು. ಇದನ್ನು ದೂರ ಬೇಡವೆಂಬುದಕ್ಕೆ ಪುರಾವೆ ಮಾಡಬಾರದು. ಬ್ರೋಡಿ ಅವರ ಲೆಕ್ಕ ಹಾಗೆಯೇ ನಿಲ್ಲುತ್ತದೆ.

ಇನ್ನೊಬ್ಬರು ಎಸ್. ಚಿಕ್ಕರಂಗಪ್ಪ. ಬಿಡದಿ ಬಳಿಯ ಈಗಲ್‌ಟನ್ ಮೈದಾನದ ನೆರೆಯ ಹಳ್ಳಿಯಲ್ಲಿ ಬೆಳೆದು, ಚೆಂಡು ಹೆಕ್ಕುವ ಹುಡುಗನಾಗಿ ಆಟಕ್ಕೆ ಬಂದು, ತರಬೇತುದಾರ ವಿಜಯ್ ದಿವೇಚಾ ಅವರ ಕೈಯಲ್ಲಿ ಪಳಗಿ, ದೇಶದ ವೃತ್ತಿಪರ ಟೂರ್‌ನಲ್ಲಿ ಹಲವು ಪ್ರಶಸ್ತಿ ಗೆದ್ದವರು. ದೆಹಲಿಯಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಗೆದ್ದ ಮೊದಲ ಭಾರತೀಯ ವೃತ್ತಿಪರನಾದ ಕಥೆಯೂ ಇದೇ ಜಾಡಿನದು. ಇಂಥವರ ಕಲಿಕೆಯಲ್ಲಿ ಬಾಡಿಗೆಯ ಬುಟ್ಟಿಗಿಂತ ದೊಡ್ಡ ಪಾತ್ರ ವಹಿಸಿದ್ದು ದಿನವಿಡೀ ಇತರರ ಹೊಡೆತ ನೋಡುವುದು ಮತ್ತು ಸಿಕ್ಕ ಜಾಗದಲ್ಲಿ ಸಿಕ್ಕ ಕ್ಲಬ್ಬಿನಿಂದ ಆಡುವುದು ಎಂದು ಊಹಿಸಲು ಕಾರಣವಿದೆ.

ಮಲೆಸೀಮೆಯ ಕಲಿಯುವವನಿಗೆ ಒಂದು ಅನುಕೂಲ ಹುಟ್ಟಿನಿಂದಲೇ ಬಂದಿದೆ: ಇಳಿಜಾರು. ಡ್ರೈವಿಂಗ್ ರೇಂಜಿನ ಚಾಪೆ ಸಮತಟ್ಟು. ಮಡಿಕೇರಿಯಂಥ ಗುಡ್ಡದ ಮೈದಾನದಲ್ಲಿ ಸಮನಾದ ನೆಲ ಅಪರೂಪ. ಬಲಗೈಯವನಿಗೆ ಚೆಂಡು ಪಾದಕ್ಕಿಂತ ಮೇಲಿದ್ದರೆ ಎಡಕ್ಕೆ ಎಳೆಯುತ್ತದೆ, ಕೆಳಗಿದ್ದರೆ ಬಲಕ್ಕೆ ಜಾರುತ್ತದೆ. ಏರಿನಲ್ಲಿ ಚೆಂಡು ಎತ್ತರಕ್ಕೆ ಹೋಗಿ ಬೇಗ ಬೀಳುತ್ತದೆ, ಇಳಿಜಾರಿನಲ್ಲಿ ತಗ್ಗಾಗಿ ಹೊರಟು ಹೆಚ್ಚು ಉರುಳುತ್ತದೆ. ಹೆತ್ತೂರಿನ ಸುತ್ತಿನ ಹುಲ್ಲುಗುಡ್ಡದ ಒಂದು ಮಗ್ಗುಲಿನಲ್ಲಿ ಪ್ಲಾಸ್ಟಿಕ್ ಚೆಂಡು ಹಿಡಿದು ಈ ನಾಲ್ಕೂ ನಿಲುವುಗಳನ್ನು ಅರ್ಧ ಗಂಟೆಯಲ್ಲಿ ಆಡಿ ನೋಡಬಹುದು. ಅಕ್ಟೋಬರ್ ಅದಕ್ಕೆ ಒಳ್ಳೆಯ ತಿಂಗಳು: ಮಳೆ ಇಳಿದಿರುತ್ತದೆ, ನೆಲ ಇನ್ನೂ ಮೆತ್ತಗಿರುತ್ತದೆ, ಕಣವೂ ಖಾಲಿ ಇರುತ್ತದೆ. ಮೊದಲ ಅರೇಬಿಕಾ ಹಣ್ಣು ಕಣಕ್ಕೆ ಬಂದ ದಿನ ಗೋಣಿತಾಟು ಸುತ್ತಿಡಬೇಕು. ಗದ್ದೆಯ ಕೊಯ್ಲು ಮುಗಿದ ಮೇಲೆ ಚಿಪ್ ಹೊಡೆತಕ್ಕೆ ಕೂಳೆಯ ನೆಲ ಸಿಗುತ್ತದೆ.