ಪ್ರೀಮಿಯಂ ಪೆಟ್ರೋಲ್ ಹಾಕಿಸಿದರೆ ಟರ್ಬೊ ಇಂಜಿನ್‌ನ ವಾಲ್ವ್ ಮಸಿ ಹೋಗುತ್ತದೆಯೇ?

‘ಟರ್ಬೊ ಕಾರಿಗೆ ಯಾವಾಗಲೂ ಪ್ರೀಮಿಯಂ ಪೆಟ್ರೋಲ್ ಹಾಕಿಸಿ, ವಾಲ್ವ್‌ನಲ್ಲಿ ಕಾರ್ಬನ್ ಕಟ್ಟುವುದೇ ಇಲ್ಲ’ ಎಂಬ ಸಲಹೆಯನ್ನು ನೀವೂ ಕೇಳಿರಬಹುದು. ಹಳೆಯ ಬಗೆಯ ಇಂಜಿನ್‌ಗಳ ಮಟ್ಟಿಗೆ ಇದರಲ್ಲಿ ಸ್ವಲ್ಪ ಸತ್ಯವಿದೆ. ಡೈರೆಕ್ಟ್ ಇಂಜೆಕ್ಷನ್ ಟರ್ಬೊ ಇಂಜಿನ್‌ಗಳಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ಏಕೆ ಎಂದು ನೋಡೋಣ.

ಪೆಟ್ರೋಲ್ ಎಲ್ಲಿಗೆ ಬೀಳುತ್ತದೆ?

ಸಾಮಾನ್ಯ ಎಂಪಿಎಫ್‌ಐ ಇಂಜಿನ್‌ನಲ್ಲಿ ಪೆಟ್ರೋಲ್ ಸಿಂಪಡಣೆಯಾಗುವುದು ಇನ್‌ಟೇಕ್ ವಾಲ್ವ್‌ನ ಹಿಂಬದಿಗೆ, ಅಂದರೆ ಗಾಳಿ ಒಳಬರುವ ದಾರಿಗೆ. ಪೆಟ್ರೋಲಿನಲ್ಲಿ ಬೆರೆಸಿದ ಡಿಟರ್ಜೆಂಟ್ ಅಂಶಗಳು ಅಲ್ಲಿ ಕೂರುವ ಜಿಡ್ಡನ್ನು ತೊಳೆಯುತ್ತಾ ಇರುತ್ತವೆ. ಅಮೆರಿಕದಲ್ಲಿ 1995ರಿಂದ ಪೆಟ್ರೋಲಿಗೆ ಇಂಥ ಡಿಟರ್ಜೆಂಟ್ ಬೆರೆಸುವುದು ಕಡ್ಡಾಯವಾಗಿದೆ.

ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ಪೆಟ್ರೋಲ್ 200 ಬಾರ್ ಅಥವಾ ಅದಕ್ಕೂ ಹೆಚ್ಚಿನ ಒತ್ತಡದಲ್ಲಿ ನೇರವಾಗಿ ಸಿಲಿಂಡರ್ ಒಳಗೆ ಚಿಮ್ಮುತ್ತದೆ. ವಾಲ್ವ್‌ನ ಹಿಂಬದಿಗೆ ಅದು ತಾಗುವುದಿಲ್ಲ. ತಾಗದ ಪೆಟ್ರೋಲ್ ಎಷ್ಟೇ ಒಳ್ಳೆಯದಾದರೂ ತೊಳೆಯುವುದು ಹೇಗೆ? ಟ್ಯಾಂಕಿಗೆ ಸುರಿಯುವ ಕ್ಲೀನರ್ ಬಾಟಲಿಗಳ ಮಿತಿಯೂ ಇದೇ.

ಹಾಗಾದರೆ ಮಸಿ ಬರುವುದೆಲ್ಲಿಂದ?

ಮುಖ್ಯವಾಗಿ ಇಂಜಿನ್ ಆಯಿಲ್‌ನಿಂದ. ಪಿಸ್ಟನ್ ಪಕ್ಕದಿಂದ ಕೆಳಕ್ಕೆ ಸೋರುವ ಅನಿಲ ಆಯಿಲ್ ಹನಿಗಳನ್ನು ಹೊತ್ತುಕೊಂಡಿರುತ್ತದೆ. ಹೊಗೆ ಕಡಿಮೆ ಮಾಡಲು ಅದನ್ನು ಹೊರಗೆ ಬಿಡದೆ ಮತ್ತೆ ಗಾಳಿಯ ದಾರಿಗೇ ಕಳಿಸುತ್ತಾರೆ. ಆ ಹನಿಗಳು ಬಿಸಿ ವಾಲ್ವ್ ಮೇಲೆ ಕೂತು, ಒಲೆಯ ಮೇಲೆ ಸುಟ್ಟ ಬಾಣಲೆಯ ತಳದ ಹಾಗೆ ಕರಕಲಾಗುತ್ತವೆ. ವಾಲ್ವ್ ಕಾಂಡದ ಸೀಲ್ ಸವೆದಿದ್ದರೆ ಇನ್ನಷ್ಟು ಆಯಿಲ್ ಇಳಿಯುತ್ತದೆ.

ಹಾಗಿದ್ದರೆ ಪೆಟ್ರೋಲ್ ಗುಣಮಟ್ಟ ಲೆಕ್ಕಕ್ಕಿಲ್ಲವೇ?

ಖಂಡಿತ ಇದೆ. ಇಂಜೆಕ್ಟರ್‌ನ ತುದಿ ಬೆಂಕಿ ಉರಿಯುವ ಜಾಗದಲ್ಲೇ ಇರುವುದರಿಂದ ಅಲ್ಲೂ ಮಸಿ ಕೂರುತ್ತದೆ. ಅದನ್ನು ಚೊಕ್ಕವಾಗಿಡಲು ಒಳ್ಳೆಯ ಡಿಟರ್ಜೆಂಟ್ ಇರುವ ಪೆಟ್ರೋಲ್ ನೆರವಾಗುತ್ತದೆ. ಆಕ್ಟೇನ್ ವಿಷಯವೇ ಬೇರೆ. 95 ಅಥವಾ 100 ಎಂಬ ಅಂಕಿ ತೋರಿಸುವುದು ಇಂಜಿನ್ ‘ನಾಕ್’ ಆಗದಂತೆ ತಡೆಯುವ ಶಕ್ತಿಯನ್ನು, ಶುಚಿಗೊಳಿಸುವ ಶಕ್ತಿಯನ್ನಲ್ಲ. ಕಾರಿನ ಮ್ಯಾನ್ಯುಯಲ್ ಹೇಳುವಷ್ಟು ಆಕ್ಟೇನ್ ಇದ್ದರೆ ಸಾಕು.

ಲಕ್ಷಣಗಳೇನು?

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಇಂಜಿನ್ ಅದುರುವುದು, ಮಿಸ್‌ಫೈರ್, ಪಿಕಪ್ ಕುಗ್ಗುವುದು, ಚೆಕ್ ಇಂಜಿನ್ ದೀಪ ಹೊತ್ತುವುದು. ಇವಕ್ಕೆ ಸ್ಪಾರ್ಕ್ ಪ್ಲಗ್, ಕಾಯಿಲ್‌ಗಳೂ ಕಾರಣವಾಗಬಹುದು. ಸಣ್ಣ ಕ್ಯಾಮೆರಾ ಇಳಿಸಿ ವಾಲ್ವ್ ನೋಡಿದ ಮೇಲೆಯೇ ದುಡ್ಡು ಖರ್ಚು ಮಾಡಿ.

ನೀವೇನು ಮಾಡಬಹುದು?

• ನಿಮ್ಮ ಕಾರು ಯಾವ ಬಗೆಯದೆಂದು ತಿಳಿಯಿರಿ. ಹ್ಯುಂಡೈ ಟಿ-ಜಿಡಿಐ, ಫೋಕ್ಸ್‌ವ್ಯಾಗನ್ ಟಿಎಸ್‌ಐ ಡೈರೆಕ್ಟ್ ಇಂಜೆಕ್ಷನ್ ಇಂಜಿನ್‌ಗಳು. ಟರ್ಬೊ ಇರುವ ಎಲ್ಲ ಕಾರುಗಳೂ ಹಾಗಲ್ಲ.
• ಕಂಪನಿ ಸೂಚಿಸಿದ ದರ್ಜೆಯ ಆಯಿಲ್ ಅನ್ನೇ ಹಾಕಿಸಿ, ಹೊತ್ತಿಗೆ ಸರಿಯಾಗಿ ಬದಲಿಸಿ.
• ಗಟ್ಟಿಯಾಗಿ ಕಟ್ಟಿದ ಮಸಿಗೆ ಗ್ಯಾರೇಜ್‌ನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿ, ಅಕ್ರೋಟ್ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆದು ತೆಗೆಯುವ ವಿಧಾನವಿದೆ. ಪುಡಿ ಲೋಹಕ್ಕಿಂತ ಮೆತ್ತಗಿರುವುದರಿಂದ ವಾಲ್ವ್‌ಗೆ ಗೀರು ಬೀಳುವುದಿಲ್ಲ.

ಕಾರು ತಯಾರಕರಿಗೂ ಈ ತೊಂದರೆ ಗೊತ್ತು. ಅದಕ್ಕೇ ಟೊಯೋಟಾದ ಡಿ-4ಎಸ್‌ನಂಥ ಇಂಜಿನ್‌ಗಳಲ್ಲಿ ಎರಡೂ ಬಗೆಯ ಇಂಜೆಕ್ಟರ್‌ಗಳಿವೆ. ಒಂದು ಸಿಲಿಂಡರ್‌ಗೆ ಪೆಟ್ರೋಲ್ ಚಿಮ್ಮಿದರೆ, ಇನ್ನೊಂದು ವಾಲ್ವ್‌ನ ಹಿಂಬದಿಯನ್ನೂ ತೊಳೆಯುತ್ತದೆ.

ಫಾರ್ವರ್ಡ್ ಮಾಡುವುದಾದರೆ ಇಷ್ಟು ಸಾಕು: ಡೈರೆಕ್ಟ್ ಇಂಜೆಕ್ಷನ್ ಕಾರಿನಲ್ಲಿ ಒಳ್ಳೆಯ ಪೆಟ್ರೋಲ್ ಇಂಜೆಕ್ಟರ್ ಕಾಯುತ್ತದೆ, ವಾಲ್ವ್ ಕಾಯಲು ಆಯಿಲ್ ಕಡೆ ಗಮನ ಕೊಡಿ.