ಬರಿಯ ಮಾತಿನ ಟೆಲಿಫೋನು

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸು ನಡುವೆ ಮಸ್ಕಿಯಲ್ಲಿ ನಿಲ್ಲುತ್ತದೆ. ಕಾಲೇಜಿನ ಕೆಲಸಕ್ಕಾಗಿ ಸಿಂಧನೂರಿನಲ್ಲಿ ಮನೆ ಮಾಡಿರುವ ನಾನು ತಿಂಗಳಿಗೆ ಎರಡು ಸಲವಾದರೂ ಆ ದಾರಿಯಲ್ಲಿ ಹೋಗಿಬರುತ್ತೇನೆ. ಲಿಂಗಸುಗೂರಿನಲ್ಲಿ ನನ್ನ ತಾಯಿ ಒಬ್ಬರೇ ಇದ್ದಾರೆ. ಉಳಿದ ದಿನಗಳಲ್ಲಿ ನಮ್ಮಿಬ್ಬರಿಗೂ ಟೆಲಿಫೋನೇ ಆಧಾರ. ಅದೂ ಸೆರಗಿನಲ್ಲಿ ಕಟ್ಟಿಕೊಂಡು ತಿರುಗುವ ಮೊಬೈಲಲ್ಲ. ಪಡಸಾಲೆಯ ಗೂಡಿನಲ್ಲಿ ಕುಳಿತು ಓಣಿಗೆಲ್ಲ ಕೇಳುವಂತೆ ಗಂಟೆ ಬಾರಿಸುವ ಹಳೆಯ ಟೆಲಿಫೋನು. 1996ರಲ್ಲಿ ತಂದೆಯವರ ಹೆಸರಿಗೆ ಬಂದದ್ದು. ತಂದೆಯವರು ಈಗ ಇಲ್ಲ. ಆ ನಂಬರು ಇದೆ.

ಕಳೆದ ವರ್ಷ ತಾಮ್ರದ ತಂತಿಯನ್ನು ತೆಗೆದು ಗಾಜಿನ ಎಳೆಯನ್ನು ಹಾಕುವ ಮಾತು ಬಂತು. ನಂಬರು ಬದಲಾಗುವುದಿಲ್ಲ, ಮಾತು ಸ್ಪಷ್ಟವಾಗುತ್ತದೆ, ಬೇಕೆಂದರೆ ಇಂಟರ್‌ನೆಟ್ಟೂ ದೊರೆಯುತ್ತದೆ ಎಂದು ಬಂದವರು ವಿನಯದಿಂದಲೇ ವಿವರಿಸಿದರು. ತಾಯಿ ಎಲ್ಲವನ್ನೂ ಕೇಳಿ, "ನನಗ ಇಂಟರ್‌ನೆಟ್ ಬ್ಯಾಡಪಾ. ಕರೆಂಟ್ ಹೋದಾಗೂ ಫೋನ್ ಬರ್ತದೇನು, ಅಷ್ಟು ಹೇಳು" ಎಂದರು. ಬಂದವರು ಪ್ರಾಮಾಣಿಕರು. "ಪೆಟ್ಟಿಗಿಗೆ ಕರೆಂಟ್ ಬೇಕಾಗ್ತದ್ರೀ ಅಮ್ಮಾ" ಎಂದು ಒಪ್ಪಿಕೊಂಡರು. ಆ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. ಕನ್ನಡ ಪಾಠ ಹೇಳುವ ನನ್ನನ್ನು ಅದು ಟೆಲಿಫೋನಿನ ಚರಿತ್ರೆಗೆ ಎಳೆದು ತಂದಿತು.

ಹಳೆಯ ಟೆಲಿಫೋನು ಮನೆಯ ವಿದ್ಯುತ್ತನ್ನು ಕೇಳುತ್ತಲೇ ಇರಲಿಲ್ಲ. ಅದಕ್ಕೆ ಬೇಕಾದ 48 ವೋಲ್ಟುಗಳ ಶಕ್ತಿ ವಿನಿಮಯ ಕೇಂದ್ರದ ಬ್ಯಾಟರಿಗಳಿಂದ ಮಾತು ಹರಿಯುವ ಅದೇ ಜೋಡಿ ತಂತಿಯಲ್ಲಿ ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಕೇಂದ್ರದ ಬ್ಯಾಟರಿ ಜೀವಂತವಾಗಿರುವ ತನಕ ಗಂಟೆ ಬಾರಿಸುತ್ತಿತ್ತು. ಗಾಜಿನ ಎಳೆಯಲ್ಲಿ ಹರಿಯುವುದು ಬೆಳಕು. ಆ ಬೆಳಕನ್ನು ಮತ್ತೆ ಮಾತಾಗಿಸಲು ಮನೆಯಲ್ಲಿ ಒಂದು ಪೆಟ್ಟಿಗೆ ಬೇಕು, ಪೆಟ್ಟಿಗೆಗೆ ಮನೆಯ ವಿದ್ಯುತ್ತು ಬೇಕು. ಅಂದರೆ ಕೇಂದ್ರ ಹೊರುತ್ತಿದ್ದ ಒಂದು ಭಾರ ಸದ್ದಿಲ್ಲದೆ ಮನೆಯವರ ಹೆಗಲಿಗೆ ಬಂದಿದೆ. ಹಿಂದಿರುಗಿ ನೋಡಿದರೆ ಟೆಲಿಫೋನಿನ ಚರಿತ್ರೆಯೇ ಹೀಗೆ ಭಾರ ಕೈಬದಲಾಗುತ್ತ ಬಂದ ಚರಿತ್ರೆ.

1882ರ ಜನವರಿ 28ರಂದು ಕಲ್ಕತ್ತೆಯಲ್ಲಿ ವಿನಿಮಯ ಕೇಂದ್ರ ತೆರೆದಾಗ ಅಲ್ಲಿ ಇದ್ದ ಚಂದಾದಾರರು 93 ಮಂದಿ. ಆಗ ನಂಬರು ತಿರುಗಿಸುವ ಕೆಲಸ ಯಾರಿಗೂ ಇರಲಿಲ್ಲ. ಕೇಂದ್ರದಲ್ಲಿ ಕುಳಿತವರಿಗೆ ಹೇಳಿದರೆ ಅವರೇ ಕೂಡಿಸುತ್ತಿದ್ದರು. ಈ ಪದ್ಧತಿಯ ಕೊನೆಯ ದಿನಗಳನ್ನು ನಾನೂ ಬಾಲ್ಯದಲ್ಲಿ ಕಂಡಿದ್ದೇನೆ. ನಮ್ಮ ಓಣಿಯ ಕಿರಾಣಿ ಅಂಗಡಿಯ ಸಾಹುಕಾರರು ಹಿಡಿಕೆ ತಿರುಗಿಸಿ, "ರಾಯಚೂರು ಕೊಡ್ರಿ" ಎಂದು ಟ್ರಂಕ್ ಕಾಲ್ ಬರೆಸಿ, ಅರ್ಧ ದಿನ ಕಾಯುತ್ತಿದ್ದರು. ಕಾಯುವ ಕಷ್ಟ ನಿಜ. ಆದರೆ ಆ ಕಡೆಯವರಿಗೆ ಇವರ ದನಿ ಪರಿಚಿತ. "ಇವತ್ತು ಹತ್ತಿ ರೇಟು ಇಳದದಂತ್ರೀ" ಎಂದು ಅವರೇ ಮೊದಲು ಸುದ್ದಿ ಹೇಳುವುದೂ ಉಂಟು.

ಈ ನಡುವಿನವರನ್ನು ತೆಗೆದುಹಾಕಿದವನು ಅಮೆರಿಕದ ಕ್ಯಾನ್ಸಸ್ ನಗರದಲ್ಲಿ ಶವಸಂಸ್ಕಾರದ ವ್ಯಾಪಾರ ಮಾಡುತ್ತಿದ್ದ ಆಲ್ಮನ್ ಸ್ಟ್ರೌಜರ್. ತನಗೆ ಬರಬೇಕಾದ ಕರೆಗಳನ್ನು ಕೇಂದ್ರದವರು ಎದುರಾಳಿಗೆ ತಿರುಗಿಸುತ್ತಿದ್ದಾರೆಂಬ ಸಂಶಯ ಅವನನ್ನು ಕಾಡುತ್ತಿತ್ತಂತೆ. 1891ರಲ್ಲಿ ಅವನು ಸ್ವಯಂಚಾಲಿತ ಕೇಂದ್ರಕ್ಕೆ ಪೇಟೆಂಟು ಪಡೆದ. ಬೆಂಗಳೂರಿನಲ್ಲಿ 1948ರಲ್ಲಿ ಸ್ಥಾಪನೆಯಾದ ಐ.ಟಿ.ಐ. ಕಾರ್ಖಾನೆ ನಮ್ಮಲ್ಲಿ ಇಂತಹ ಯಂತ್ರಗಳನ್ನು ತಯಾರಿಸಿತು. 1960ರಲ್ಲಿ ಕಾನ್ಪುರ ಮತ್ತು ಲಖನೌಗಳ ನಡುವೆ ಚಂದಾದಾರರೇ ನೇರವಾಗಿ ದೂರದ ಊರಿಗೆ ಡಯಲ್ ಮಾಡುವ ಸೌಕರ್ಯ ಬಂತು. ಅಂದಿನಿಂದ ನಂಬರನ್ನು ನೆನಪಿಡುವುದು, ತಪ್ಪದೆ ತಿರುಗಿಸುವುದು ಮನೆಯವರ ಕೆಲಸವಾಯಿತು. ಇದು ಮೊದಲನೆಯ ಭಾರ. ಸಂತೋಷದಿಂದಲೇ ಹೊತ್ತೆವು, ಕಾಯುವುದು ತಪ್ಪಿತಲ್ಲ!

ಆಮೇಲೆ ಬಂದದ್ದು ಡಿಜಿಟಲ್ ಯುಗ. ಅದು ನಿನ್ನೆ ಮೊನ್ನೆಯ ಸಂಗತಿಯೆಂದು ಹಲವರು ತಿಳಿದಿದ್ದಾರೆ. ಸರಕಾರ 1984ರಲ್ಲಿ ಸ್ಥಾಪಿಸಿದ ಸಿ-ಡಾಟ್ ಸಂಸ್ಥೆ 128 ಗೆರೆಗಳ ಒಂದು ಗ್ರಾಮೀಣ ಡಿಜಿಟಲ್ ಕೇಂದ್ರವನ್ನು ರೂಪಿಸಿತು. ಹವಾನಿಯಂತ್ರಣವಿಲ್ಲದೆ, ಹಳ್ಳಿಯ ಬಿಸಿಲು ಧೂಳುಗಳಲ್ಲಿ ಬಾಳುವುದೇ ಅದರ ಹೆಗ್ಗಳಿಕೆ. ಅಂತಹ ಮೊದಲ ಕೇಂದ್ರ 1986ರಲ್ಲಿ ಕೆಲಸ ಆರಂಭಿಸಿದ್ದು ನಮ್ಮ ಕಿತ್ತೂರಿನಲ್ಲಿ. ಚೆನ್ನಮ್ಮನ ಊರೆಂದು ಕಿತ್ತೂರನ್ನು ಸ್ಮರಿಸುವ ನಾವು ಇದನ್ನೂ ನೆನೆಯಬೇಕು.

ಮುಂದಿನ ವರ್ಷಗಳಲ್ಲಿ ನಮ್ಮ ಸೀಮೆಯ ಬೀದಿಗಳಲ್ಲಿ ಎಸ್.ಟಿ.ಡಿ. ಬೂತಿನ ಹಳದಿ ಬೋರ್ಡುಗಳು ತೂಗಿದವು. ತುಂಗಭದ್ರೆಯ ಎಡದಂಡೆ ಕಾಲುವೆ ಸಿಂಧನೂರನ್ನು ಬತ್ತದ ಸೀಮೆಯಾಗಿಸಿತ್ತು. ಆಂಧ್ರದಿಂದ ಬಂದ ರೈತರ ಕ್ಯಾಂಪುಗಳಿದ್ದವು, ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಕ್ಯಾಂಪುಗಳಿದ್ದವು. ರಾತ್ರಿ ಹೊತ್ತೇರಿದಂತೆ ದರ ಇಳಿಯುತ್ತಿತ್ತಾದ್ದರಿಂದ ಬೂತಿನ ಮುಂದೆ ಆಗಲೇ ಸಾಲು ಬೆಳೆಯುತ್ತಿತ್ತು. ಒಂದೇ ಗಾಜಿನ ಗೂಡಿನೊಳಗಿಂದ ತೆಲುಗು, ಬಂಗಾಳಿ, ಕನ್ನಡ ಮೂರೂ ಒಂದಾದ ಮೇಲೊಂದರಂತೆ ಕೇಳಿಬರುತ್ತಿದ್ದವು.

ಆದರೆ ಗಮನಿಸಬೇಕಾದ ಮಾತೆಂದರೆ, ಕೇಂದ್ರ ಡಿಜಿಟಲ್ ಆದರೂ ಅಲ್ಲಿಂದ ಮನೆಗೆ ಬರುವ ತಂತಿ ತಾಮ್ರದ್ದಾಗಿಯೇ ಉಳಿಯಿತು. ಬ್ಯಾಟರಿ ಕೇಂದ್ರದಲ್ಲೇ ಉಳಿಯಿತು. ಹೀಗಾಗಿ ಆ ದೊಡ್ಡ ಕ್ರಾಂತಿ ನನ್ನ ತಾಯಿಗೆ ತಿಳಿಯಲೇ ಇಲ್ಲ. 2006ರ ಹೊತ್ತಿಗೆ ದೇಶದಲ್ಲಿ ಸುಮಾರು 5 ಕೋಟಿ ಸ್ಥಿರ ದೂರವಾಣಿಗಳಿದ್ದವು. 2020ರಲ್ಲಿ ಸುಮಾರು 2 ಕೋಟಿಗೆ ಇಳಿದವು. ಮೊಬೈಲು ಎಲ್ಲರ ಜೇಬಿಗೂ ಬಂದಿತ್ತು. ಆಮೇಲೆ ಸಂಖ್ಯೆ ಮತ್ತೆ ಏರಿತು. ಏರಿದ್ದು ಮಾತಿಗಾಗಿ ಅಲ್ಲ, ಇಂಟರ್‌ನೆಟ್ಟಿಗಾಗಿ. ಟೆಲಿಫೋನು ಯಜಮಾನನಾಗಿದ್ದ ಮನೆಯಲ್ಲಿ ಈಗ ಅದು ಇಂಟರ್‌ನೆಟ್ಟಿನ ಬೆನ್ನಿಗೆ ಬಂದ ಅತಿಥಿ. ಬರಿಯ ಮಾತು ಸಾಕೆನ್ನುವವರು ವಿಚಿತ್ರವಾಗಿ ಕಾಣತೊಡಗಿದ್ದಾರೆ.

ಇದು ನಮ್ಮೊಬ್ಬರ ಪಾಡಲ್ಲ. ಬ್ರಿಟನ್ನಿನಲ್ಲಿ ಹಳೆಯ ಜಾಲವನ್ನು 2025ರ ಡಿಸೆಂಬರಿಗೆ ಮುಚ್ಚುವುದೆಂದಿತ್ತು. ಆದರೆ ಅಲ್ಲಿ ಸುಮಾರು 18 ಲಕ್ಷ ವೃದ್ಧರು, ರೋಗಿಗಳು ಆಪತ್ತಿನಲ್ಲಿ ಒತ್ತುವ ಗುಂಡಿಯ ಸೇವೆಯನ್ನು ಅವಲಂಬಿಸಿದ್ದಾರೆ. ಹೊಸ ಜಾಲಕ್ಕೆ ಬದಲಾದ ಕೆಲವರ ಗುಂಡಿ ಸಮಯಕ್ಕೆ ಕೆಲಸ ಮಾಡದೆ ಅನಾಹುತಗಳಾದವು. ಗಡುವನ್ನು 2027ರ ಜನವರಿಗೆ ಮುಂದೂಡಿದರು. ಮನೆಯ ಟೆಲಿಫೋನನ್ನೇ ನಂಬಿದವರಿಗೆ ವಿದ್ಯುತ್ತು ಹೋದಾಗ ಕನಿಷ್ಠ ಒಂದು ಗಂಟೆಯಾದರೂ ತುರ್ತು ಕರೆ ಸಾಧ್ಯವಾಗಬೇಕೆಂದು ಅಲ್ಲಿನ ನಿಯಂತ್ರಕರು ಸೂಚಿಸಿದ್ದಾರೆ. ಒಂದು ಗಂಟೆ! ಮುಂಗಾರಿನ ಗಾಳಿ ಬೀಸುವ ನಮ್ಮ ಸೀಮೆಯಲ್ಲಿ ಒಂದು ಗಂಟೆ ದೀಪ ಹೋದರೆ ಅದನ್ನು ಹೋಯಿತೆಂದೇ ಯಾರೂ ಎಣಿಸುವುದಿಲ್ಲ.

ತಾಮ್ರದ ತಂತಿ ದೋಷರಹಿತವೆಂದು ನಾನು ವಾದಿಸುತ್ತಿಲ್ಲ. ಮಳೆಗಾಲದಲ್ಲಿ ಜೋಡಣೆಗೆ ನೀರು ಇಳಿದರೆ ಗರಗರ ಸದ್ದು. ರಸ್ತೆ ಅಗೆದರೆ ಮೌನ. ಕಳ್ಳರಿಗೆ ತಾಮ್ರವೆಂದರೆ ಹಣ. ಗಾಜಿನ ಎಳೆಗೆ ಈ ನೀರಿನ ಭಯವಿಲ್ಲ, ಕಳ್ಳರಿಗೆ ಅದು ಬೇಕಿಲ್ಲ. ಹೊಸದು ಬರಲಿ. ಆದರೆ ಭಾರ ಕೈಬದಲಾಗುವಾಗ, ಹೊರಬೇಕಾದವರ ಹೆಗಲು ಎಷ್ಟು ಗಟ್ಟಿಯೆಂದು ಯಾರಾದರೂ ಕೇಳಬೇಡವೆ? ತರುಣರ ಮನೆಯಲ್ಲಿ ಇನ್ವರ್ಟರಿದೆ, ನಾಲ್ಕು ಮೊಬೈಲುಗಳಿವೆ. ಒಂಟಿ ಮುದುಕಿಯ ಮನೆಯಲ್ಲಿ ಇರುವುದು ಆ ಒಂದು ಗಂಟೆಯ ಸದ್ದು.

ಕೊನೆಗೆ ನಾವು ಹೊಸ ಎಳೆಯನ್ನು ಒಪ್ಪಿಕೊಂಡೆವು, ಮಾತಿಗಷ್ಟೇ. ಪೆಟ್ಟಿಗೆಯ ಪಕ್ಕದಲ್ಲಿ ಒಂದು ಚಿಕ್ಕ ಬ್ಯಾಟರಿಯನ್ನು ಕೊಂಡು ಇಟ್ಟೆ. ತಾಯಿ ಬಾಯಿಮಾತಿಗೆ ಒಪ್ಪುವವರಲ್ಲ. ನಾನು ಸಿಂಧನೂರಿಗೆ ಮರಳಿದ ಸಂಜೆ ಮನೆಯ ಮೇನ್ ಸ್ವಿಚ್ಚನ್ನು ತಾವೇ ಆರಿಸಿ, ಕತ್ತಲಲ್ಲಿ ಕುಳಿತು ನನಗೆ ಫೋನು ಮಾಡಿದರು. "ಕೇಳ್ತದೇನೋ ತಮ್ಮಾ?" "ಕೇಳ್ತದಬೇ." "ಹಂಗಾರ ಇರ್ಲಿ."

ಮೊನ್ನೆ ಬಸ್ಸು ಮಸ್ಕಿಯಲ್ಲಿ ನಿಂತಾಗ ಅಲ್ಲಿಯ ಬೆಟ್ಟವನ್ನು ನೋಡುತ್ತ ಕುಳಿತಿದ್ದೆ. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಕಂಡ ಶಾಸನ ಅಲ್ಲಿದೆ. ದೇವಾನಾಂಪ್ರಿಯನೆಂಬ ಬಿರುದಿನ ಜೊತೆಗೆ ಅಶೋಕನ ಹೆಸರನ್ನೂ ಹೇಳಿ, ಆ ದೊರೆ ಯಾರೆಂಬುದನ್ನು ಲೋಕಕ್ಕೆ ಖಚಿತಪಡಿಸಿದ ಶಾಸನ. ಈ ಧರ್ಮ ದೊಡ್ಡವರಿಗೆ ಮಾತ್ರ ಎಟುಕುವಂಥದೆಂದು ತಿಳಿಯಬಾರದು, ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳಬೇಕು ಎಂಬುದು ಅದರ ಅಭಿಪ್ರಾಯ. ದೂರದವರಿಗೆ ಮಾತು ಮುಟ್ಟಿಸುವ ಎಲ್ಲರಿಗೂ, ಅಂದಿಗೂ ಇಂದಿಗೂ, ಅದಕ್ಕಿಂತ ಒಳ್ಳೆಯ ನಿಯಮ ನನಗೆ ಕಾಣದು.