ಸಮುದ್ರದ ಮಧ್ಯೆ ಎಂಜಿನ್ ನಿಂತರೆ: ದೋಣಿ ಮೋಟಾರಿನ ಕಥೆ

ಈ ವಾರ ದೋಣಿಯ ಹಿಂಭಾಗಕ್ಕೆ ತಗುಲಿಹಾಕುವ ಔಟ್‌ಬೋರ್ಡ್ ಎಂಜಿನ್‌ನ ಚರಿತ್ರೆ ಹೇಳ್ತೀನಿ. ಇದನ್ನು ಯಾರು ಕಂಡುಹಿಡಿದರು ಅನ್ನೋದಕ್ಕಿಂತ, ಕೆಟ್ಟಾಗ ಯಾರು ರಿಪೇರಿ ಮಾಡಿದರು ಅನ್ನೋದೇ ನನಗೆ ಹೆಚ್ಚು ಕುತೂಹಲದ ಪ್ರಶ್ನೆ.

ಅಮೆರಿಕದಲ್ಲಿ ಒಂದು ಪ್ರಸಿದ್ಧ ದಂತಕಥೆ ಇದೆ. ಓಲೆ ಎವಿನ್‌ರೂಡ್ ಅಂತ ಒಬ್ಬ, ನಾರ್ವೆಯಲ್ಲಿ ಹುಟ್ಟಿ ಬಾಲ್ಯದಲ್ಲೇ ವಿಸ್ಕಾನ್ಸಿನ್‌ಗೆ ಬಂದವನು. ಮುಂದೆ ಮದುವೆಯಾಗಲಿದ್ದ ಬೆಸ್‌ಗೆ ಐಸ್‌ಕ್ರೀಂ ತರಲು ಬಿಸಿಲಲ್ಲಿ ಕೆರೆಯ ಆಚೆ ದಡಕ್ಕೆ ಹುಟ್ಟು ಹಾಕಿಕೊಂಡು ಹೋದನಂತೆ, ವಾಪಸ್ ಬರುವಷ್ಟರಲ್ಲಿ ಅದು ಕರಗಿ ನೀರಾಗಿತ್ತಂತೆ. ಚೆಂದದ ಕಥೆ ಬಿಡಿ. ಆದರೆ ಅವನೇ ಮೊದಲಿಗನಲ್ಲ. ಕ್ಯಾಮರಾನ್ ವಾಟರ್‌ಮನ್ ಎಂಬಾತ 1905ರಲ್ಲೇ ಇಂಥ ಮೋಟಾರನ್ನು ಪರೀಕ್ಷಿಸಿ, 1907ರಲ್ಲಿ ಪೇಟೆಂಟ್ ಪಡೆದಿದ್ದ. ಎವಿನ್‌ರೂಡ್ 1909ರಲ್ಲಿ ಮಾರಾಟಕ್ಕಿಟ್ಟದ್ದು ಒಂದೂವರೆ ಅಶ್ವಶಕ್ತಿಯ, 62 ಪೌಂಡ್ ತೂಕದ ಎಂಜಿನ್. ಜಾಹೀರಾತಿನ ಮಾತುಗಳನ್ನು ಬರೆದವಳು ಬೆಸ್. ಆಗಿನ ಎಂಜಿನ್‌ಗೆ ಎಳೆಯೋ ಹಗ್ಗವೂ ಇರಲಿಲ್ಲ. ಮೇಲಿನ ಫ್ಲೈವೀಲ್‌ನ ಹಿಡಿಕೆಯನ್ನು ಕೈಯಲ್ಲೇ ತಿರುಗಿಸಬೇಕು. ಎಂಜಿನ್ ಶುರುವಾದ ಕೂಡಲೇ ಅದೇ ಹಿಡಿಕೆ ಬೆರಳ ಗಂಟಿಗೆ ಬಡಿಯೋದು!

ಮೋಜಿನ ದೋಣಿ ಇಟ್ಟುಕೊಂಡವರ ಜೊತೆಗೆ ಸ್ಕ್ಯಾಂಡಿನೇವಿಯಾದ ಮೀನುಗಾರರೂ ಇದನ್ನು ಬೇಗನೇ ಕೊಂಡರು. ಅವರಿಗೆ ಅಂಗಡಿ ಹತ್ತಿರ ಇರಲಿಲ್ಲ, ಮೆಕ್ಯಾನಿಕ್ಕೂ ಇರಲಿಲ್ಲ. ಎಂಜಿನ್ ಸರಳವಾಗಿದ್ದದ್ದೇ ಅವರನ್ನು ಕಾಪಾಡಿತು. ಎರಡು ಸ್ಟ್ರೋಕ್, ವಾಲ್ವ್‌ಗಳ ಗೋಜಿಲ್ಲ, ಆಯಿಲ್ಲನ್ನು ಇಂಧನಕ್ಕೇ ಬೆರೆಸಿದರಾಯ್ತು. ಅದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಶಿಯರ್ ಪಿನ್. ಪ್ರೊಪೆಲ್ಲರನ್ನು ಶಾಫ್ಟ್‌ಗೆ ಹಿಡಿದಿಡುವ ಬೆರಳುದ್ದದ ಲೋಹದ ಕಡ್ಡಿ ಅದು. ಪ್ರೊಪೆಲ್ಲರ್ ಬಂಡೆಗೆ ತಾಗಿದರೆ ಮೊದಲು ಇದೇ ಮುರಿಯಬೇಕು, ಗೇರು ಉಳಿಯಬೇಕು. ಬೇಕೆಂದೇ ದುರ್ಬಲವಾಗಿ ಮಾಡಿದ ಭಾಗ. ಜೇಬಲ್ಲಿ ಎರಡು ಪಿನ್, ಒಂದು ಇಕ್ಕಳ ಇದ್ದರೆ ಅಲೆಯ ಮೇಲೆ ಕೂತೇ ಬದಲಿಸಬಹುದು. ಅದರ ಬದಲು ಗಟ್ಟಿ ಉಕ್ಕಿನ ಮೊಳೆ ತುರುಕಿದರೆ ಮಾತ್ರ ಮುಂದಿನ ಸಲ ಗೇರುಪೆಟ್ಟಿಗೆಯೇ ಹೋಗುತ್ತೆ.

ಈಗ ನಮ್ಮ ಕಡೆಗೆ ಬರೋಣ. ಎವಿನ್‌ರೂಡ್ ಹುಟ್ಟಿದ ಅದೇ ನಾರ್ವೆಯ ನೆರವಿನಿಂದ 1950ರ ದಶಕದಲ್ಲಿ ಕೇರಳದ ನೀಂಡಕರದಲ್ಲಿ ಮೀನುಗಾರಿಕೆ ಯೋಜನೆ ನಡೆಯಿತು. ಒಳಗೆ ಡೀಸೆಲ್ ಎಂಜಿನ್ ಇರುವ ಹೊಸ ಬೋಟುಗಳು ಬಂದವು. ಸಾಂಪ್ರದಾಯಿಕ ದೋಣಿಯವರು ಹುಟ್ಟು, ಹಾಯಿ ನಂಬಿಕೊಂಡೇ ಉಳಿದರು. ಕರ್ನಾಟಕ ಕರಾವಳಿಯಲ್ಲಿ 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ದಡದಿಂದ ಎಳೆಯುವ ರಾಂಪಣಿ ಬಲೆಗೆ ಮೀನು ಸಿಗೋದು ಕಡಿಮೆಯಾಯಿತು. ಮೀನು ಬರಲಿ ಅಂತ ದಡದಲ್ಲಿ ಕಾಯುವ ಕಾಲ ಮುಗಿದಿತ್ತು, ಹುಡುಕಿಕೊಂಡು ಹೋಗಬೇಕಿತ್ತು. ನಾಡದೋಣಿಗೆ ಔಟ್‌ಬೋರ್ಡ್ ಏರಿದ್ದು ಹೀಗೆ, ಅನಿವಾರ್ಯದಿಂದ.

ಪೆಟ್ರೋಲ್ ದುಬಾರಿ. ಹಾಗಾಗಿ ಜಪಾನಿನ ಸೀಮೆಎಣ್ಣೆ ಎಂಜಿನ್‌ಗಳು ಬಂದವು. ಇದಕ್ಕೆ ಬೇರೆಯೇ ಶಿಸ್ತು ಬೇಕು. ಪೆಟ್ರೋಲಿನಲ್ಲಿ ಶುರು ಮಾಡಬೇಕು, ಎಂಜಿನ್ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ದಡಕ್ಕೆ ಬರುವ ಮೊದಲು ಮತ್ತೆ ಪೆಟ್ರೋಲಿಗೆ. ಮರೆತರೆ ಕಾರ್ಬುರೇಟರ್ ತುಂಬಾ ಸೀಮೆಎಣ್ಣೆ ಉಳಿದು, ಮರುದಿನ ಬೆಳಗ್ಗೆ ಹಗ್ಗ ಎಳೆದೆಳೆದು ತೋಳು ಸೋಲುತ್ತೆ. ಪ್ಲಗ್ಗಿಗೆ ಮಸಿ ಹಿಡಿಯೋದೂ ಬೇಗ.

ದೋಣಿಯಲ್ಲಿ ಎಂಜಿನ್ ನೋಡಿಕೊಳ್ಳುವವರು ಕಲಿತ ವಿದ್ಯೆಗೆ ಪುಸ್ತಕ ಬೇಕಿರಲಿಲ್ಲ. ಎಂಜಿನ್ ನಿಂತಿತಾ? ಪ್ಲಗ್ ಬಿಚ್ಚು. ಒಣಗಿದ್ದರೆ ಎಣ್ಣೆ ಬರ್ತಿಲ್ಲ, ಪೈಪು ಫಿಲ್ಟರು ನೋಡು. ಒದ್ದೆಯಿದ್ದರೆ ಒರೆಸಿ, ಸುತ್ತ ಚೆಲ್ಲಿದ ಎಣ್ಣೆಯಿಲ್ಲ ಅಂತ ಖಾತ್ರಿ ಮಾಡಿಕೊಂಡು, ಎಂಜಿನ್ ಮೈಗೆ ತಾಗಿಸಿ ಹಗ್ಗ ಎಳೆ, ನೀಲಿ ಕಿಡಿ ಬರುತ್ತಾ ನೋಡು. ಓಡುವಾಗ ಪಕ್ಕದಿಂದ ಚಿಮ್ಮುವ ನೀರಿನ ಸಣ್ಣ ಧಾರೆಯ ಮೇಲೂ ಒಂದು ಕಣ್ಣು. ಅದು ನಿಂತರೆ ಒಳಗಿನ ರಬ್ಬರ್ ಇಂಪೆಲ್ಲರ್ ಸವೆದಿದೆ, ಇಲ್ಲವೇ ಕಸ ಕಟ್ಟಿದೆ ಅಂತ. ತಕ್ಷಣ ನಿಲ್ಲಿಸದಿದ್ದರೆ ಪಿಸ್ಟನ್ ಕಚ್ಚಿಕೊಳ್ಳುತ್ತೆ. ಎಂಜಿನ್ ಉಪ್ಪುನೀರಿಗೆ ಬಿದ್ದರಂತೂ ಎತ್ತಿದ ಕೂಡಲೇ ಸಿಹಿನೀರಲ್ಲಿ ತೊಳೆದು, ಪ್ಲಗ್ ತೆಗೆದು ನೀರು ಹೊರಹಾಕಿ, ಆಯಿಲ್ ಬಿಟ್ಟು, ಅದೇ ದಿನ ಓಡಿಸಬೇಕು. ನಾಳೆ ನೋಡೋಣ ಅಂದರೆ ಬೇರಿಂಗಿಗೆ ತುಕ್ಕು ಹತ್ತಿರುತ್ತೆ.

ಇಷ್ಟೊಂದು ವಿವರ ಯಾಕೆ ಅಂತೀರಾ? ಮಳೆಗಾಲದ ಅಳಿವೆಯನ್ನು ನೆನಪಿಸಿಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕರ್ನಾಟಕದಲ್ಲಿ ಯಾಂತ್ರಿಕ ಬೋಟುಗಳಿಗೆ ನಿಷೇಧ. 10 ಅಶ್ವಶಕ್ತಿವರೆಗಿನ ಮೋಟಾರಿನ ನಾಡದೋಣಿಗೆ ಅವಕಾಶ ಉಂಟು. ಅಂದರೆ ಸಮುದ್ರ ಅತ್ಯಂತ ಒರಟಾಗಿರುವ ಎರಡು ತಿಂಗಳು ಅದಕ್ಕಿಳಿಯುವುದು ಅತ್ಯಂತ ಸಣ್ಣ ಎಂಜಿನ್. ಅಲೆ ಒಡೆಯುವ ಜಾಗದಲ್ಲಿ ಅದು ನಿಂತರೆ ದೋಣಿ ಅಲೆಗೆ ಅಡ್ಡ ತಿರುಗುತ್ತೆ, ಮುಂದಿನ ಅಲೆಗೆ ಮಗುಚುತ್ತೆ. ಅಲ್ಲಿ ಪ್ಲಗ್ ಬಿಚ್ಚಲು ಸಮಯ ಎಲ್ಲಿ? ರಿಪೇರಿಯೆಲ್ಲ ಹಿಂದಿನ ಸಂಜೆ, ದಡದಲ್ಲೇ ಆಗಿರಬೇಕು.

ಎವಿನ್‌ರೂಡ್ ಹೆಸರಿನ ಎಂಜಿನ್ ತಯಾರಿಕೆ 2020ರಲ್ಲಿ ನಿಂತಿತು. ಹೊಗೆ ಕಡಿಮೆ ಉಗುಳುವ, ಎಣ್ಣೆ ಕಡಿಮೆ ಕುಡಿಯುವ ನಾಲ್ಕು ಸ್ಟ್ರೋಕಿನ ಪೆಟ್ರೋಲ್ ಎಂಜಿನ್‌ಗಳು ಹಳೆಯದರ ಜಾಗಕ್ಕೆ ಬರುತ್ತಿವೆ. ಒಳ್ಳೆಯದೇ, ನನ್ನ ತಕರಾರಿಲ್ಲ. ಆದರೆ ಫ್ಯುಯೆಲ್ ಇಂಜೆಕ್ಷನ್ ಇರುವ ಮಾದರಿಗಳಲ್ಲಿ ದೋಷ ಹುಡುಕಲು ಕಂಪ್ಯೂಟರ್ ಜೋಡಿಸಬೇಕಾಗುತ್ತೆ. ಅದು ಇರೋದು ಪೇಟೆಯ ಸರ್ವಿಸ್ ಸೆಂಟರಿನಲ್ಲಿ.